ಬಾಣದ ಮೊನೆ ನಮ್ಮ ಮುಷ್ಟಿಯಲ್ಲಿ

ಪ್ರವಾದಿ(ಸ)ರ ಮಸೀದಿಗೆ ಒಮ್ಮೆ ಒಬ್ಬರು ಬಾಣಗಳನ್ನು ಹಿಡಿದುಕೊಂಡು ಬಂದರು. ಬಾಣ ತಂದದ್ದನ್ನು ಪ್ರವಾದಿ(ಸ)ರು ಆಕ್ಷೇಪಿಸಲಿಲ್ಲ. ತಂದವರು ಯಾರು, ಏಕೆ ತಂದರು ಎಂದು ವಿಚಾರಿಸಿದ್ದಾಗಿಯೂ ವರದಿಯಲ್ಲಿಲ್ಲ. ಮೊನೆಗಳನ್ನು ಕೈಯಲ್ಲಿ ಹಿಡಿದುಕೊಳ್ಳುವಂತೆ ಮಾತ್ರ ಆದೇಶಿಸಿದರು. ಜಾಬಿರ್(ರ) ವರದಿ ಮಾಡಿದ ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿದೆ. ಅಬೂ ಮೂಸಾ(ರ)ರ ವರದಿಯಲ್ಲಿ ಮಸೀದಿಯ ಜೊತೆಗೆ ಮಾರುಕಟ್ಟೆಯೂ ಸೇರಿದೆ. ಜನ ಸೇರುವ ಜಾಗದಲ್ಲಿ ಬಾಣ ಒಯ್ಯುವವನು ಅದರ ಮೊನೆಯನ್ನು ತನ್ನ ಮುಷ್ಟಿಯೊಳಗಿಟ್ಟುಕೊಳ್ಳಬೇಕು. ಬೇರೊಬ್ಬರ ಮೈಗೆ ಅದು ತಾಗಬಾರದು. ಚುಚ್ಚುವುದೇ ಆದರೆ ಹಿಡಿದವನ ಅಂಗೈಯನ್ನೇ ಚುಚ್ಚಲಿ ಎಂಬುದು ಇದರ ಒಳ ಅರ್ಥವೆಂದು ನಾವು ತಿಳಿದಿದ್ದೇವೆ.

ಮದ್ರಸದಲ್ಲಿ ಈ ಹದೀಸಿನ ಪಾಠ ಬಂದಾಗಲೆಲ್ಲ ಮಕ್ಕಳು ನಗುತ್ತಾರೆ. "ಉಸ್ತಾದ್, ಈಗ ಬಾಣ ಹಿಡಿದುಕೊಂಡು ಪೇಟೆಗೆ ಯಾರು ಬರುತ್ತಾರೆ?" ಎಂದು ಕೇಳುತ್ತಾರೆ. ಕತ್ತರಿಯನ್ನು ಇನ್ನೊಬ್ಬರಿಗೆ ಕೊಡುವಾಗ ಹಿಡಿಯ ಕಡೆಯಿಂದ ಕೊಡಬೇಕು, ಬಸ್ಸಿನಲ್ಲಿ ಕೊಡೆಯ ತುದಿಯನ್ನು ಕೆಳಗೆ ಮಾಡಿ ಹಿಡಿಯಬೇಕು, ಹುಲ್ಲು ಹೆರೆಯಲು ಹೋಗುವವರು ಕತ್ತಿಯ ಬಾಯಿಗೆ ಬಟ್ಟೆ ಸುತ್ತಬೇಕು ಎಂಬ ಉದಾಹರಣೆಗಳನ್ನು ಕೊಟ್ಟು ನಾವು ಮುಂದಿನ ಹದೀಸಿಗೆ ಹೋಗುತ್ತಿದ್ದೆವು. ಕಳೆದ ವರ್ಷ ಈ ಹದೀಸು ನಮ್ಮ ಮನೆಯೊಳಗೇ ಪ್ರಶ್ನೆಯಾಗಿ ಬಂದು ಕುಳಿತಿತು.

ನಮ್ಮ ತಂಗಿಯ ಮಗ ಪಿಯುಸಿ ಓದುತ್ತಾನೆ. ಶಾಲೆಯ ದಿನಗಳಿಂದಲೇ ಶೂಟಿಂಗ್ ಕ್ರೀಡೆಯ ಹುಚ್ಚು. ಹತ್ತು ಮೀಟರ್ ಏರ್ ಪಿಸ್ತೂಲು ಅವನ ವಿಭಾಗ. ದೆಹಲಿಯ ತುಘಲಕಾಬಾದಿನಲ್ಲಿರುವ ಡಾ. ಕರ್ಣಿ ಸಿಂಗ್ ಶೂಟಿಂಗ್ ರೇಂಜಿನಲ್ಲಿ ನಡೆಯುವ ಸ್ಪರ್ಧೆಯೊಂದಕ್ಕೆ ಅವನಿಗೆ ಅವಕಾಶ ದೊರೆಯಿತು. ತಂದೆ ಗಲ್ಫಿನಲ್ಲಿ ದುಡಿಯುವವರು. ಜೊತೆಗೆ ಹೋಗುವ ಹೊಣೆ ಸೋದರಮಾವನಾದ ನಮ್ಮ ಮೇಲೆ ಬಿತ್ತು. ರೈಲಿನಲ್ಲಿ ಹೋದರೆ ಪರೀಕ್ಷೆ ತಪ್ಪುತ್ತದೆ, ವಿಮಾನವೇ ಗತಿ. ವಿಮಾನದಲ್ಲಿ ಪಿಸ್ತೂಲು!

ಈ ಕ್ರೀಡೆಯ ಬಗ್ಗೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಗುರಿಹಲಗೆಯ ನಡುವಿನ, ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಒಂದು ಬಟಾಣಿ ಕಾಳಿಗಿಂತ ತುಸು ದೊಡ್ಡದೆನ್ನಬಹುದು. ಹತ್ತು ಮೀಟರ್ ದೂರದಲ್ಲಿ ನಿಂತು, ಒಂದೇ ಕೈಯಲ್ಲಿ, 4.5 ಮಿಲಿಮೀಟರ್ ಗಾತ್ರದ ಸೀಸದ ಗುಂಡನ್ನು ಅದರೊಳಗೆ ಅರುವತ್ತು ಬಾರಿ ಹೊಡೆಯಬೇಕು. ಅದಕ್ಕೆ ಒಂದೂಕಾಲು ಗಂಟೆಯ ಸಮಯ. ಇದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ಒತ್ತಿ ತುಂಬಿದ ಗಾಳಿಯೇ ಗುಂಡನ್ನು ತಳ್ಳುತ್ತದೆ. ಉಸಿರು ಹಿಡಿದು ನಿಂತ ಹುಡುಗನನ್ನು ನೋಡಿದರೆ ನಮಾಝಿನಲ್ಲಿ ನಿಂತವನ ನೆನಪಾಗುತ್ತದೆ ಎಂದು ನಾವು ಹೇಳಿದರೆ ಕೆಲವರಿಗೆ ಅತಿಯೆನಿಸಬಹುದು. ಆದರೆ ಅವನು ಫಜ್ರ್‌ಗೆ ತಪ್ಪದೆ ಏಳಲು ಕಲಿತದ್ದು ಈ ಆಟದ ಶಿಸ್ತಿನಿಂದಲೇ.

ಮದ್ರಸದ ಉಸ್ತಾದರ ಮನೆಯಲ್ಲಿ ಪಿಸ್ತೂಲೇ ಎಂದು ಹುಬ್ಬೇರಿಸಿದವರೂ ಇದ್ದಾರೆ. ಅವರಿಗೆ ಅಸ್ಲಮ್ ಗೋತ್ರದ ಬಿಲ್ಲುಗಾರರ ಕಥೆಯನ್ನು ನಾವು ಹೇಳುವುದುಂಟು. ಅವರು ಎರಡು ತಂಡವಾಗಿ ಬಾಣ ಎಸೆಯುವ ಸ್ಪರ್ಧೆ ನಡೆಸುತ್ತಿದ್ದಾಗ ಪ್ರವಾದಿ(ಸ)ರು ಆ ದಾರಿಯಾಗಿ ಬಂದರು. ನಿಮ್ಮ ಪೂರ್ವಜ ಇಸ್ಮಾಈಲರೂ ಬಿಲ್ಲುಗಾರರಾಗಿದ್ದರೆಂದು ನೆನಪಿಸಿ ಹುರಿದುಂಬಿಸಿದರು, ತಾವು ಒಂದು ತಂಡದ ಕಡೆಗಿರುವುದಾಗಿ ಹೇಳಿದರು. ತಕ್ಷಣ ಇನ್ನೊಂದು ತಂಡ ಕೈಕಟ್ಟಿ ನಿಂತಿತು. ಪ್ರವಾದಿ(ಸ)ರೇ ಎದುರಿನ ತಂಡದಲ್ಲಿರುವಾಗ ಬಾಣ ಬಿಡುವುದು ಹೇಗೆ ಎಂಬ ಸಂಕೋಚ ಅವರದು. ಆಗ ಪ್ರವಾದಿ(ಸ)ರು ತಾವು ಎಲ್ಲರ ಜೊತೆಗಿರುವುದಾಗಿ ಹೇಳಿ ಆಟ ಮುಂದುವರಿಸಿದರು. ಆದರೆ ಇದೇ ಪರಂಪರೆಯಲ್ಲಿ, ಹಕ್ಕಿಯೊಂದನ್ನು ಕಟ್ಟಿಹಾಕಿ ಗುರಿಯಾಗಿಸಿಕೊಂಡ ಯುವಕರನ್ನು ಕಂಡು ಇಬ್ನು ಉಮರ್(ರ) ಕೋಪಗೊಂಡ ಘಟನೆಯೂ ಇದೆ. ಜೀವವಿರುವ ಯಾವುದನ್ನೂ ಗುರಿಯಾಗಿಸುವಂತಿಲ್ಲ. ನಮ್ಮ ಹುಡುಗನ ಗುರಿ ಕಾಗದ.

ಕಾನೂನಿನ ಸ್ಥಿತಿ ಹೀಗಿದೆ. ನಮ್ಮ ದೇಶದಲ್ಲಿ ಬಂದೂಕುಗಳ ವಿಷಯವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಹಾಗೂ 2016ರ ನಿಯಮಗಳು ನೋಡಿಕೊಳ್ಳುತ್ತವೆ. ಕಡಿಮೆ ಶಕ್ತಿಯ, ಸಣ್ಣ ನಳಿಗೆಯ ಏರ್ ಪಿಸ್ತೂಲಿಗೆ ಪರವಾನಗಿ ಬೇಕಿಲ್ಲ. ಆದರೆ ವಿಮಾನದ ಲೋಕಕ್ಕೆ ಈ ಭೇದ ಮುಖ್ಯವಲ್ಲ. ನೋಡಲು ಬಂದೂಕಿನಂತಿರುವ ವಸ್ತು ಕ್ಯಾಬಿನ್ನಿನೊಳಗೆ ಬರುವಂತಿಲ್ಲ. ಅದನ್ನು ಮೊದಲೇ ಘೋಷಿಸಿ, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿ, ಕೆಳಗಿನ ಸರಕಿನ ಅಂಕಣಕ್ಕೆ ಒಪ್ಪಿಸಬೇಕು. ನಿಜವಾದ ಬಂದೂಕಾದರೆ ಪರವಾನಗಿ ತೋರಿಸಬೇಕು, ಗುಂಡುಗಳನ್ನು ತೆಗೆದಿರಬೇಕು. ತೋಟಾಗಳನ್ನು ಭದ್ರವಾಗಿ ಕಟ್ಟಬೇಕು. ಒಬ್ಬ ಪ್ರಯಾಣಿಕನ ತೋಟಾಗಳ ಒಟ್ಟು ತೂಕ ಐದು ಕಿಲೋ ಮೀರಬಾರದು, ಇಬ್ಬರ ಪಾಲನ್ನು ಒಂದೇ ಕಟ್ಟಿಗೆ ಸೇರಿಸಬಾರದು ಎಂಬುದು ಅಂತಾರಾಷ್ಟ್ರೀಯ ನಿಯಮ. ಏರ್ ಪಿಸ್ತೂಲಿಗೆ ತೋಟಾದ ಚಿಂತೆಯಿಲ್ಲ, ಅದರ ಗಾಳಿಯ ಸಿಲಿಂಡರಿನದೇ ಚಿಂತೆ. ಸುಮಾರು ಇನ್ನೂರು ಬಾರ್ ಒತ್ತಡದ ಆ ಸಣ್ಣ ಸಿಲಿಂಡರನ್ನು ಕಳಚಿ, ಒಳಗಿನ ಗಾಳಿಯನ್ನು ಪೂರ್ತಿ ಬಿಟ್ಟಿರಬೇಕು.

ಹೊರಡುವ ಹಿಂದಿನ ರಾತ್ರಿ ಹುಡುಗ ಅಂಗಳದಲ್ಲಿ ಕುಳಿತು ಗಾಳಿ ಬಿಟ್ಟ. ಹಾವು ಬುಸುಗುಟ್ಟಿದಂತಹ ಸದ್ದಿಗೆ ನಮ್ಮ ಉಮ್ಮ ಒಳಗಿನಿಂದ ಓಡಿ ಬಂದರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಭಯ ಪಿಸ್ತೂಲಿನದ್ದಲ್ಲ. "ನಿನ್ನ ಗಡ್ಡ, ಟೋಪಿ, ಅವನ ಹೆಸರು. ಅದರ ಮೇಲೆ ಆ ಪೆಟ್ಟಿಗೆ. ಏನಾದರೂ ಆದರೆ?" ಎಂದು ಅವರು ಕೇಳಿದಾಗ ಉತ್ತರ ಕೊಡಲು ನಮಗೂ ತಿಳಿಯಲಿಲ್ಲ.

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಹಲವು ಬಾರಿ ವಿಮಾನ ಹತ್ತಿಳಿದ ನೆರೆಯ ಹಾಜಿಯವರೊಬ್ಬರು, "ಉಸ್ತಾದರೇ, ಪಿಸ್ತೂಲು ಎಂಬ ಶಬ್ದವನ್ನೇ ಬಾಯಿಂದ ತೆಗೆಯಬೇಡಿ. ಆಟದ ಸಾಮಾನು ಅನ್ನಿ. ಸುಳ್ಳೇನಲ್ಲವಲ್ಲ?" ಎಂದರು. ಹುಡುಗನ ಜೊತೆ ಅಭ್ಯಾಸ ಮಾಡುವ ಕೊಡಗಿನ ಗೆಳೆಯನೊಬ್ಬ ಅದೇ ವಿಮಾನದಲ್ಲಿ ಬರುವವನಿದ್ದ. ಅವನು ಇನ್ನೂ ಮುಂದೆ ಹೋಗಿ, "ಸರ್, ಎರಡೂ ಪೆಟ್ಟಿಗೆ ನನ್ನ ಹೆಸರಲ್ಲೇ ಹೋಗಲಿ, ನನ್ನನ್ನು ಯಾರೂ ಅಷ್ಟು ಕೇಳುವುದಿಲ್ಲ" ಎಂದ. ಹದಿನೇಳರ ಹುಡುಗನಿಗೆ ನಮ್ಮ ಸಂಕಟ ಅರ್ಥವಾಗಿದೆಯಲ್ಲ ಎಂದು ನಮ್ಮ ಕಣ್ಣು ತುಂಬಿತು. ಅವನಿಗೆ ಬಂದೂಕಿನ ಅಂಜಿಕೆಯೇ ಇಲ್ಲ. ಕೊಡವರ ಮನೆಗಳಲ್ಲಿ ತೋಕ್ ಮನೆಯ ಒಬ್ಬ ಸದಸ್ಯನಿದ್ದಂತೆ. ಕೈಲ್‌ಪೊಳ್ದ್ ಹಬ್ಬದಂದು ಅದಕ್ಕೆ ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದೆ. ಘಟ್ಟದ ಮೇಲೆ ಮನೆತನದ ಗೌರವವಾಗಿರುವ ವಸ್ತು ಘಟ್ಟ ಇಳಿದು ನಮ್ಮ ಕೈಗೆ ಬಂದರೆ ಬೇರೆಯೇ ಆಗಿ ಕಾಣುತ್ತದೆ. ಇದನ್ನು ದೂರಾಗಿ ಬರೆಯುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇವೆ.

ಆ ಹುಡುಗನ ಔದಾರ್ಯವನ್ನು ಸ್ವೀಕರಿಸುವಂತಿರಲಿಲ್ಲ. ಒಬ್ಬನ ಆಯುಧಕ್ಕೆ ಇನ್ನೊಬ್ಬ ಹೊಣೆಯಾಗುವುದು ಕಾನೂನಿಗೂ ಸರಿಯಲ್ಲ, ಅಮಾನತ್ತಿಗೂ ಸರಿಯಲ್ಲ. ಹಾಜಿಯವರ ಮಾತು ಮಾತ್ರ ಅಷ್ಟು ಸುಲಭವಾಗಿ ತಳ್ಳಿಹಾಕುವಂಥದ್ದಾಗಿರಲಿಲ್ಲ. ಏಕೆಂದರೆ ಅದಕ್ಕೆ ಫಿಕ್‌ಹ್‌ನಲ್ಲಿ ಒಂದು ಹೆಸರಿದೆ: ತವ್‌ರಿಯಾ. ಆಡಿದ ಮಾತು ಒಂದು ಅರ್ಥದಲ್ಲಿ ನಿಜವೇ ಆಗಿದ್ದು, ಕೇಳಿದವನು ಬೇರೊಂದು ಅರ್ಥವನ್ನು ತಿಳಿದುಕೊಳ್ಳುವಂತೆ ಮಾಡುವುದು. ಅನ್ಯಾಯದಿಂದ ಪಾರಾಗಲು, ಒಬ್ಬ ಮುಗ್ಧನ ಜೀವ ಉಳಿಸಲು ವಿದ್ವಾಂಸರು ಇದಕ್ಕೆ ಅವಕಾಶ ಕೊಟ್ಟಿದ್ದಾರೆ. ಆದರೆ ಕೇಳುವವನಿಗೆ ತಿಳಿಯುವ ಹಕ್ಕಿದ್ದರೆ ಈ ಬಾಗಿಲು ಮುಚ್ಚುತ್ತದೆ. ಸಾಕ್ಷಿ ಹೇಳುವಾಗ, ವ್ಯಾಪಾರದಲ್ಲಿ ವಸ್ತುವಿನ ದೋಷ ತಿಳಿಸುವಾಗ ತವ್‌ರಿಯಾ ಮಾಡಿದವನು ಮೋಸಗಾರನೇ.

ಇಲ್ಲಿ ನಮಗೆ ದಾರಿ ತೋರಿಸಿದ್ದು ಮದೀನಾದ ಮಾರುಕಟ್ಟೆಯ ಧಾನ್ಯದ ರಾಶಿ. ಪ್ರವಾದಿ(ಸ)ರು ಅದರೊಳಗೆ ಕೈ ತೂರಿಸಿದಾಗ ಬೆರಳು ಒದ್ದೆಯಾಯಿತು. ವ್ಯಾಪಾರಿ ಮಳೆಯ ನೆಪ ಹೇಳಿದ. ಮಳೆ ಬಂದದ್ದು ಅವನ ತಪ್ಪಲ್ಲ, ಪ್ರವಾದಿ(ಸ)ರು ಆಕ್ಷೇಪಿಸಿದ್ದು ಅದನ್ನೂ ಅಲ್ಲ. ಒದ್ದೆಯಾದ ಭಾಗವನ್ನು ಜನರಿಗೆ ಕಾಣುವಂತೆ ಮೇಲೆ ಇಡಬಹುದಿತ್ತಲ್ಲ ಎಂಬುದು ಅವರ ಪ್ರಶ್ನೆ. ವಿಮಾನದಲ್ಲಿ ನೂರೆಂಬತ್ತು ಜನ ಕೂರುತ್ತಾರೆ; ಹಸುಗೂಸುಗಳಿರುತ್ತವೆ, ರೋಗಿಗಳಿರುತ್ತಾರೆ. ತಮ್ಮ ಕಾಲಿನ ಕೆಳಗಿನ ಅಂಕಣದಲ್ಲಿ ಏನಿದೆಯೆಂದು ಅವರಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅವರೆಲ್ಲರ ಪರವಾಗಿ ಕೇಳಲು ಒಬ್ಬಳು ಕೌಂಟರಿನಲ್ಲಿ ಕುಳಿತಿರುತ್ತಾಳೆ. ಅವಳಿಗೆ ತಿಳಿಯುವ ಹಕ್ಕಿದೆ. ಒದ್ದೆ ಧಾನ್ಯವನ್ನು ಮೇಲಕ್ಕೆ ಇಡುವುದೆಂದು ನಿರ್ಧರಿಸಿ, ಸ್ಪರ್ಧೆಯ ಪತ್ರ, ಕ್ರೀಡಾ ಸಂಸ್ಥೆಯ ಗುರುತಿನ ಚೀಟಿ, ಖರೀದಿಯ ಬಿಲ್ಲು, ಆಧಾರ್ ಎಲ್ಲದರ ಮೂರು ಮೂರು ಪ್ರತಿ ತೆಗೆದು ಒಂದು ಕಡತದಲ್ಲಿಟ್ಟೆವು. ಪೆಟ್ಟಿಗೆಯ ಕೀಲಿ ಹುಡುಗನ ಕಿಸೆಯಲ್ಲಿತ್ತು.

ಮೂರು ಗಂಟೆ ಮುಂಚಿತವಾಗಿ ತಲುಪಿದೆವು. ಸರದಿ ಬಂದಾಗ ಹುಡುಗ ನಮ್ಮ ಮುಖ ನೋಡಿದ. ನೀನೇ ಹೇಳು ಎಂದು ಸನ್ನೆ ಮಾಡಿದೆವು. "ಮೇಡಂ, ಇದರಲ್ಲಿ ಏರ್ ಪಿಸ್ತೂಲಿದೆ. ಖಾಲಿ ಇದೆ. ಸಿಲಿಂಡರಿನ ಗಾಳಿ ಬಿಟ್ಟಿದ್ದೇವೆ. ಘೋಷಣೆ ಮಾಡಬೇಕು" ಎಂದ. ಕೌಂಟರಿನ ಹುಡುಗಿಗೆ ಅವನಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು ಅಷ್ಟೆ. ಅವಳ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಹಿಂದಿನ ಸಾಲಿನಲ್ಲಿದ್ದ ಒಬ್ಬರು ತಮ್ಮ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡರು. ಪಕ್ಕದ ಕೌಂಟರಿನಲ್ಲಿ ಕೊಡಗಿನ ಹುಡುಗ ಅದೇ ಮಾತನ್ನು ಹೇಳಿ, ಅದೇ ಕಾಗದ ತೋರಿಸಿ, ಹತ್ತು ನಿಮಿಷದಲ್ಲಿ ಬೋರ್ಡಿಂಗ್ ಪಾಸ್ ಪಡೆದ. ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು.

ಮೇಲ್ವಿಚಾರಕರು ಬಂದರು, ಭದ್ರತೆಯವರು ಬಂದರು. ಒಳಗಿನ ಕೋಣೆಯಲ್ಲಿ ಪೆಟ್ಟಿಗೆ ತೆರೆಯಿಸಿದರು. ಪಿಸ್ತೂಲಿನ ಮೇಲಿನ ಸಂಖ್ಯೆಯನ್ನು ಬಿಲ್ಲಿನೊಂದಿಗೆ ತಾಳೆ ನೋಡಿದರು. ಅದು ಅವರ ಕರ್ತವ್ಯ, ಅದರ ಬಗ್ಗೆ ನಮ್ಮದೇನೂ ಇಲ್ಲ. ಪ್ರಶ್ನೆಗಳು ಮಾತ್ರ ಹುಡುಗನಿಗಿಂತ ನಮಗೇ ಹೆಚ್ಚು ಬಂದವು. ಏನು ಕೆಲಸ, ಯಾವ ಮದ್ರಸ, ಅಲ್ಲಿ ಎಷ್ಟು ಮಕ್ಕಳು, ಏನು ಕಲಿಸುತ್ತೀರಿ, ದೆಹಲಿಯಲ್ಲಿ ಎಲ್ಲಿ ಇಳಿದುಕೊಳ್ಳುತ್ತೀರಿ, ಅಲ್ಲಿ ಯಾರ ಪರಿಚಯವಿದೆ. ಕುರ್‌ಆನ್, ಹದೀಸ್, ಫಿಕ್‌ಹ್ ಕಲಿಸುತ್ತೇವೆ, ಸಂಜೆ ಶಾಲೆಯ ಮಕ್ಕಳಿಗೆ ಕನ್ನಡ ವ್ಯಾಕರಣವನ್ನೂ ಹೇಳಿಕೊಡುತ್ತೇವೆ ಎಂದೆವು. ಕನ್ನಡ ಬಿಎ ಎಂದಾಗ ಒಬ್ಬರ ಹುಬ್ಬು ಮೇಲೇರಿತು. ಮುಕ್ಕಾಲು ಗಂಟೆ ಹೀಗೆಯೇ ಕಳೆಯಿತು. ಅಂತಹ ಪ್ರಶ್ನೆಗಳು ತಾಗುವುದಿಲ್ಲ ಎಂದು ಹೇಳಿದರೆ ನಾವು ಸುಳ್ಳಾಡಿದಂತಾಗುತ್ತದೆ. ನಮಗಿಂತ ಹೆಚ್ಚಾಗಿ, ಪಕ್ಕದಲ್ಲಿ ನಿಂತು ಕೇಳುತ್ತಿದ್ದ ಹುಡುಗನಿಗೆ ತಾಗಿತು. ಅವನ ಕಿವಿ ಕೆಂಪಾಗಿತ್ತು. ಹೊರಗೆ ಬಂದ ಮೇಲೆ, "ಮಾಮ, ಹಾಜಿಯವರು ಹೇಳಿದ ಹಾಗೆ ಮಾಡಿದ್ದರೆ?" ಎಂದು ಕೇಳಿದ.

ಅವನಿಗೆ ಸಮಾಧಾನವಾಗಲೆಂದು ಒಂದು ಸುದ್ದಿಯನ್ನು ಹೇಳಿದೆವು. 2021ರ ಫೆಬ್ರವರಿಯಲ್ಲಿ ದೆಹಲಿ ವಿಮಾನ ನಿಲ್ದಾಣದಲ್ಲಿ, ಭೋಪಾಲಿಗೆ ಹೊರಟಿದ್ದ ಮನು ಭಾಕರ್ ಅವರನ್ನೇ ಪಿಸ್ತೂಲಿನ ಕಾರಣಕ್ಕೆ ತಡೆದಿದ್ದರು. ಕಾಗದಪತ್ರ ಸರಿಯಿದ್ದರೂ ವಿಮಾನ ಹತ್ತಲು ಬಿಡುತ್ತಿಲ್ಲವೆಂದು ಆಕೆ ಬಹಿರಂಗವಾಗಿ ದೂರಬೇಕಾಯಿತು. ಮೂರು ವರ್ಷಗಳ ನಂತರ ಪ್ಯಾರಿಸಿನಲ್ಲಿ ಇದೇ ಹತ್ತು ಮೀಟರ್ ವಿಭಾಗದಲ್ಲಿ ಆಕೆ ಒಲಿಂಪಿಕ್ ಪದಕ ಗೆದ್ದರು. ಹುಡುಗನಿಗೆ ಈ ಸುದ್ದಿ ಮೊದಲೇ ಗೊತ್ತಿತ್ತು. ಅವನು ಕೇಳಿದ್ದಕ್ಕೆ ಇದು ಉತ್ತರವೂ ಆಗಿರಲಿಲ್ಲ.

ಉತ್ತರವನ್ನು ನಾವು ಹುಡುಕಿದ್ದು ಹಿಜರಿ ಏಳನೆಯ ವರ್ಷದಲ್ಲಿ. ಹಿಂದಿನ ವರ್ಷ ಹುದೈಬಿಯಾದಲ್ಲಿ ಒಪ್ಪಂದವಾಗಿತ್ತು. ಮುಸ್ಲಿಮರು ಆ ವರ್ಷ ಹಿಂದಿರುಗಬೇಕು. ಮರುವರ್ಷ ಬಂದು ಮಕ್ಕಾದಲ್ಲಿ ಮೂರು ದಿನ ಇರಬಹುದು. ಪ್ರಯಾಣಿಕನ ಆಯುಧ ಮಾತ್ರ ತರಬಹುದು, ಕತ್ತಿ ಒರೆಯೊಳಗೇ ಇರಬೇಕು ಎಂಬ ಷರತ್ತುಗಳಿದ್ದವು. ಒಮ್ಮೆ ತಮ್ಮನ್ನು ಊರಿನಿಂದ ಅಟ್ಟಿದವರ ನಡುವೆ ಹೆಚ್ಚಿನ ಆಯುಧವಿಲ್ಲದೆ ಹೋಗುವುದೆಂದರೆ ಸಣ್ಣ ಮಾತಲ್ಲ. ಪ್ರವಾದಿ(ಸ)ರು ಮುಂಜಾಗ್ರತೆಗಾಗಿ ಆಯುಧಗಳನ್ನು ಜೊತೆಗೆ ತಂದರು. ಸುದ್ದಿ ತಿಳಿದ ಕುರೈಶರು ಗಾಬರಿಯಾಗಿ ಮಿಕ್‌ರಝ್ ಬಿನ್ ಹಫ್ಸ್ ಎಂಬವನನ್ನು ಕಳುಹಿಸಿದರು. ಚಿಕ್ಕಂದಿನಿಂದಲೂ ವಚನಭಂಗ ಮಾಡಿದವರಲ್ಲ ನೀವು, ಈಗ ಹರಮ್‌ಗೆ ಆಯುಧದೊಂದಿಗೆ ಬರುತ್ತಿದ್ದೀರಾ ಎಂಬುದು ಅವನ ಪ್ರಶ್ನೆ. ಆಯುಧ ಒಳಗೆ ಬರುವುದಿಲ್ಲವೆಂದು ಪ್ರವಾದಿ(ಸ)ರು ಸ್ಪಷ್ಟಪಡಿಸಿದರು. ಹಾಗೆಯೇ ನಡೆದುಕೊಂಡರು. ಮಕ್ಕಾದ ಹೊರಗಿನ ಯಅ್‌ಜಜ್ ಕಣಿವೆಯಲ್ಲಿ ಆಯುಧಗಳನ್ನು ಇಳಿಸಿ, ಸುಮಾರು ಇನ್ನೂರು ಮಂದಿಯನ್ನು ಕಾವಲಿಗೆ ನಿಲ್ಲಿಸಿ, ಉಳಿದವರೊಡನೆ ಉಮ್ರಾಕ್ಕೆ ಹೋದರೆಂದು ಸೀರಾ ಗ್ರಂಥಗಳು ಹೇಳುತ್ತವೆ.

ಇಲ್ಲಿ ಗಮನಿಸಬೇಕಾದದ್ದು, ಮಿಕ್‌ರಝ್ ಪ್ರಶ್ನಿಸಿದ್ದಕ್ಕೆ ಪ್ರವಾದಿ(ಸ)ರು ಸಿಟ್ಟಾಗಲಿಲ್ಲ. ಯಾರ ಪ್ರಾಮಾಣಿಕತೆಯ ಬಗ್ಗೆ ಅವರ ಶತ್ರುಗಳೇ ಸಾಕ್ಷಿ ನುಡಿಯುತ್ತಿದ್ದರೋ, ಅವರನ್ನೇ ಆಯುಧದ ವಿಷಯದಲ್ಲಿ ತಡೆದು ಕೇಳಲಾಯಿತು. ಅವರು ಉತ್ತರಿಸಿದರು. ಆದರೆ ಇದರಿಂದ ಅಕಾರಣವಾಗಿ ಅನುಮಾನಿಸುವವರಿಗೆ ಸಮರ್ಥನೆ ಸಿಗುತ್ತದೆಂದು ಯಾರೂ ತಿಳಿಯಬಾರದು. ಪ್ರಶ್ನೆ ಆಯುಧದ ಬಗ್ಗೆ ಇರಬೇಕು. ಗಡ್ಡದ ಬಗ್ಗೆ, ಹೆಸರಿನ ಬಗ್ಗೆ ಅಲ್ಲ. ಮಿಕ್‌ರಝನು ಕೇಳಿದ್ದು ಆಯುಧದ ಬಗ್ಗೆಯೇ. ನಮಗೆ ಆ ಕೋಣೆಯಲ್ಲಿ ಎರಡೂ ಬಗೆಯ ಪ್ರಶ್ನೆ ಬಂತು. ಮೊದಲನೆಯದಕ್ಕೆ ಉತ್ತರಿಸುವುದು ನಮ್ಮ ಕರ್ತವ್ಯವಾಗಿತ್ತು. ಎರಡನೆಯದಕ್ಕೆ ಉತ್ತರಿಸಿದ್ದು ವಿಮಾನ ತಪ್ಪಬಾರದೆಂದು. ಹುಡುಗನಿಗೆ ಇದನ್ನೇ ಹೇಳಿದೆವು. ಅವನು ಒಪ್ಪಿದನೋ ಇಲ್ಲವೋ, ಸುಮ್ಮನಿದ್ದ.

ಪ್ರತಿಯೊಂದನ್ನೂ ತಿಳಿಸಿ ತಡವಾಗುವವರ ನಡುವೆ, ಏನನ್ನೂ ನೆನಪಿಡದೆ ಬರುವವರೂ ಇದ್ದಾರೆ. ಅಮೆರಿಕದಲ್ಲಿ 2023ರ ಒಂದೇ ವರ್ಷ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ, ಪ್ರಯಾಣಿಕರ ಕೈಚೀಲಗಳಲ್ಲಿ 6,737 ಬಂದೂಕುಗಳು ಸಿಕ್ಕವು. ಅವುಗಳಲ್ಲಿ ಶೇಕಡಾ 93ರಷ್ಟರಲ್ಲಿ ಗುಂಡು ತುಂಬಿತ್ತು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವ ಮಾತು, ಚೀಲದಲ್ಲಿದ್ದದ್ದು ಮರೆತುಹೋಗಿತ್ತು ಎಂಬುದು. ಅಲ್ಲಿಯೂ ಘೋಷಿಸಿ, ಗುಂಡು ತೆಗೆದು, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿ ಒಯ್ಯಲು ಅವಕಾಶವಿದೆ. ನಮ್ಮಲ್ಲಿಯೂ ಚೀಲದ ಮೂಲೆಯಲ್ಲಿ ಹಳೆಯ ತೋಟಾವೊಂದು ಸಿಕ್ಕಿ ಮೊಕದ್ದಮೆ ಎದುರಿಸಿದವರಿದ್ದಾರೆ. ಆಯುಧ ತನ್ನಲ್ಲಿದೆಯೆಂಬ ಅರಿವಿದ್ದರೆ ಮಾತ್ರ ಅದು ಅಪರಾಧವಾಗುವ ಸ್ವಾಧೀನ ಎಂದು ಸುಪ್ರೀಂ ಕೋರ್ಟ್ 1972ರಲ್ಲಿಯೇ ಹೇಳಿದೆ. ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂದು ಓದಿದವರಿಗೆ ಈ ತೀರ್ಪು ಹೊಸದೆನಿಸುವುದಿಲ್ಲ. ಆದರೆ ನಿಯ್ಯತ್ತಿನ ಹದೀಸನ್ನು ಮರೆವಿಗೆ ಹೊದಿಕೆ ಮಾಡಿಕೊಳ್ಳುವಂತಿಲ್ಲ. ಆಯುಧದ ವಿಷಯದಲ್ಲಿ ಶರೀಅತ್ ಮರೆವಿನ ಬಗ್ಗೆಯೂ ಕಠಿಣವಾಗಿದೆ. ತಮಾಷೆಗೂ ಸಹೋದರನತ್ತ ಆಯುಧ ತೋರಿಸಬಾರದು, ಸೈತಾನನು ಕೈ ಜಾರಿಸಬಹುದು ಎಂಬ ಎಚ್ಚರಿಕೆ ಬಂದದ್ದು ಕೇಡು ಬಯಸದವರನ್ನು ಉದ್ದೇಶಿಸಿಯೇ. ಒರೆಯಿಂದ ಹಿರಿದ ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದೆಂಬುದೂ ಅದಕ್ಕಾಗಿಯೇ.

ಇಬ್ನು ಉಮರ್(ರ)ರ ಕೊನೆಯ ದಿನಗಳು ನೆನಪಿಗೆ ಬರುತ್ತವೆ. ಹಜ್ಜ್‌ನ ಜನಸಂದಣಿಯಲ್ಲಿ ಯಾರದೋ ಭರ್ಜಿಯ ಮೊನೆ ಅವರ ಅಂಗಾಲಿಗೆ ನಾಟಿತು. ಕಾಲು ರಿಕಾಬಿಗೇ ಅಂಟಿಕೊಂಡಿತು. ಸಈದ್ ಬಿನ್ ಜುಬೈರ್ ಇಳಿದು ಅದನ್ನು ಕಿತ್ತರು. ನೋಡಲು ಬಂದ ಅಧಿಕಾರಿ ಹಜ್ಜಾಜ್, ಇದನ್ನು ಮಾಡಿದವನು ಯಾರೆಂದು ಗೊತ್ತಾಗಿದ್ದರೆ ಎಂದು ಮರುಗಿದಾಗ, ಮಾಡಿದವನು ನೀನೇ ಎಂದರು ಇಬ್ನು ಉಮರ್(ರ). ಆಯುಧ ಒಯ್ಯಬಾರದ ದಿನದಲ್ಲಿ ಒಯ್ಯಲು ಬಿಟ್ಟವನು, ಹರಮ್‌ನೊಳಗೆ ತರಲು ಬಿಟ್ಟವನು ನೀನು ಎಂಬುದು ಅವರ ಆರೋಪ. ಚುಚ್ಚಿದ ಸೈನಿಕನ ಹೆಸರನ್ನು ಅವರು ಹುಡುಕಲೇ ಇಲ್ಲ. ಆ ಕೋಣೆಯ ಭದ್ರತಾ ಸಿಬ್ಬಂದಿಯ ಹೊಣೆ ಎಂಥದ್ದೆಂದು ಈ ಘಟನೆಯಿಂದ ನಮಗೆ ಅರ್ಥವಾಗುತ್ತದೆ. ಅವರ ಕೈಯಲ್ಲಿ ಬಿಡುವ, ತಡೆಯುವ ಅಧಿಕಾರವಿದೆ. ಬಿಟ್ಟದ್ದಕ್ಕೂ ಅವರೇ ಉತ್ತರ ಹೇಳಬೇಕು.

ದೆಹಲಿಯಲ್ಲಿ ಇಳಿದು ಲಗೇಜಿಗಾಗಿ ಕಾದೆವು. ಚೀಲಗಳು ಒಂದೊಂದಾಗಿ ಸುತ್ತಿ ಬಂದವು, ಜನ ಎತ್ತಿಕೊಂಡು ಹೋದರು, ಪಟ್ಟಿ ಬರಿದಾಗಿ ತಿರುಗತೊಡಗಿತು. ಹುಡುಗನ ಮುಖ ಬಾಡಿತು. ಅಷ್ಟರಲ್ಲಿ ಪಕ್ಕದ ಬಾಗಿಲಿನಿಂದ ಸಿಬ್ಬಂದಿಯೊಬ್ಬರು ಎರಡು ಪೆಟ್ಟಿಗೆಗಳನ್ನು ಎರಡು ಕೈಯಲ್ಲಿ ಹಿಡಿದು ಬಂದರು. ಆಯುಧದ ಪೆಟ್ಟಿಗೆಯನ್ನು ಪಟ್ಟಿಯ ಮೇಲೆ ಹಾಕುವುದಿಲ್ಲ, ಕೈಗೇ ಕೊಡುತ್ತೇವೆ ಎಂದರು. ಇಬ್ಬರು ಹುಡುಗರಿಂದಲೂ ಗುರುತಿನ ಚೀಟಿ ಕೇಳಿ, ಚೀಟಿಯ ಸಂಖ್ಯೆ ಹೊಂದಿಸಿ, ಸಹಿ ಪಡೆದರು. ಇಬ್ಬರಿಗೂ ಒಂದೇ ಪ್ರಶ್ನೆ, ಒಂದೇ ಪುಸ್ತಕ, ಒಂದರ ಕೆಳಗೆ ಒಂದು ಸಹಿ.

ಸ್ಪರ್ಧೆಯಲ್ಲಿ ನಮ್ಮ ಹುಡುಗ 600ಕ್ಕೆ 541 ಗಳಿಸಿದ. ಕೊಡಗಿನವನಿಗೆ ಹನ್ನೊಂದು ಅಂಕ ಹೆಚ್ಚು. ಇಬ್ಬರೂ ಮುಂದಿನ ಸುತ್ತಿಗೆ ಹೋಗಲಿಲ್ಲ. ಮರಳುವ ದಿನ ಕೌಂಟರಿನ ಮುಂದೆ ನಾವು ಕಡತ ತೆರೆಯುವಷ್ಟರಲ್ಲಿ ಅವನು ಆಗಲೇ ಪೆಟ್ಟಿಗೆಯನ್ನು ಎತ್ತಿ ಮೇಲೆ ಇಟ್ಟಿದ್ದ.